ಸಿದ್ದೆಯೊಳಗಿನ ಹೆಬ್ಬೆಟ್ಟು

ಕುಮಟೆಯ ಮೀನುಪೇಟೆಯಲ್ಲಿ ಬೆಳಚು ಅಳೆಯುವಾಗ
ಅವ್ವಿಯ ಹೆಬ್ಬೆಟ್ಟು ಸಿದ್ದೆಯ ಒಳಗಿರುತ್ತಿತ್ತು.
ಗಿರಾಕಿಗೆ ಕಾಣುವುದು ಮೇಲಿನ ರಾಶಿ;
ಬುಟ್ಟಿಯ ಹಿಂದೆ ಗೋಣಿ ಹಾಸಿ ಕೂತ ನನಗೆ
ಬೆಟ್ಟು.

ಒಂದು ಬೆಟ್ಟಿನ ಜಾಗಕ್ಕೆ ಎಷ್ಟು ಬೆಳಚು?
ಮೂರು. ಸಣ್ಣವಾದರೆ ನಾಲ್ಕು.
ಇಪ್ಪತ್ತು ಸಿದ್ದೆ ಹೋದ ದಿನ ಅರವತ್ತು ಉಳಿಯುತ್ತಿತ್ತು,
ಅದೇ ರಾತ್ರಿಯ ಸಾರು.
ಮಗ್ಗಿ ನನಗೆ ಶಾಲೆಗಿಂತ ಮೊದಲೇ ಬಂತು,
ಹೊಟ್ಟೆಯ ಕಡೆಯಿಂದ.

ಅಪ್ಪ ಜಟ್ಟಿ ಅಂಬಿಗ. ಅಘನಾಶಿನಿಯ ಇಳಿತದಲ್ಲಿ
ಎದೆಮಟ್ಟ ನಿಂತು, ಕಾಲಬೆರಳಲ್ಲಿ ಕೆಸರು ತಡವಿ,
ಮುಳುಗಿ, ಬೊಗಸೆ ತುಂಬಿ ಏಳುವವನು.
ತಂದದ್ದರಲ್ಲಿ ಉಗುರಿನಷ್ಟಿದ್ದುದನ್ನು ಹೆಕ್ಕಿ
ವಾಪಸು ಎಸೆಯುತ್ತಿದ್ದ: "ಇದಿನ್ನೂ ಕೂಸು, ಹೋಗ್ಲಿ."
ಅವ್ವಿ ದಂಡೆಯಿಂದ ಬೈಯುತ್ತಿದ್ದಳು.
ಅವನು ಎಸೆದದ್ದೆಷ್ಟು, ಅವಳ ಬೆಟ್ಟು ಉಳಿಸಿದ್ದೆಷ್ಟು,
ಒಂದಕ್ಕೊಂದು ವಜಾ ಆಗಿ
ನಮ್ಮ ಮನೆ ನಡೆಯುತ್ತಿತ್ತೋ ಏನೋ.

ಒಂದು ಸಲ, ನನಗೆ ಆರು ವರ್ಷ,
ಬ್ಯಾಂಕಿನವರ ಹೆಂಡತಿ ಚೀಲ ಬಿಚ್ಚಿ ಹಿಡಿದಿದ್ದಾಗ
ಕೂಗಿಬಿಟ್ಟೆ: "ಅವ್ವಿ, ಬೆಟ್ಟು ತೆಗೆ!"
ಅವರು ನಕ್ಕರು. ಅವ್ವಿಯೂ ನಕ್ಕಳು,
ಎರಡು ಬೊಗಸೆ ಕೊಸರು ಸುರಿದಳು.
ಹೊಡೆಯಲಿಲ್ಲ. ದಾರಿಯುದ್ದಕ್ಕೂ ಮಾತಿಲ್ಲ.
ರಾತ್ರಿ ನನ್ನ ತಟ್ಟೆಗೆ ಬರೀ ತಿಳಿಸಾರು.
"ನಿನ್ನ ಪಾಲು ಬ್ಯಾಂಕಿನಮ್ಮನ ಚೀಲಕ್ಕೆ ಹೋತಲ್ಲೆ, ಮಗಾ."

ಅಪ್ಪ ತನ್ನ ಅನ್ನದ ಮೇಲಿನ ಬೆಳಚು
ಒಂದೊಂದಾಗಿ ನನ್ನ ಕಡೆ ದೂಡಿದ.
ಅವ್ವಿ ನೋಡಿದಳು. ನೋಡಿ
ಚಿಮಣಿಯ ಬತ್ತಿ ಸಣ್ಣ ಮಾಡಿದಳು.
ಎಣ್ಣೆ ಉಳಿಸಲು ಎಂದುಕೊಂಡಿದ್ದೆ ಬಹಳ ವರ್ಷ.

ನನ್ನ ಪ್ರಗತಿಪತ್ರದಲ್ಲಿ ಪಾಲಕರ ಸಹಿಯ ಜಾಗದಲ್ಲಿ
ನೀಲಿ ಶಾಯಿಯ ಅದೇ ಹೆಬ್ಬೆಟ್ಟು,
ಬೆಳಚಿನ ಚಿಪ್ಪಿನ ಹಾಗೆ ಗೆರೆಗೆರೆ.
ಈಗ ರೇಷನ್ ಅಂಗಡಿಯ ಯಂತ್ರಕ್ಕೆ ಅದರ ಗುರುತು ಹತ್ತುವುದಿಲ್ಲ.
ಉಪ್ಪುನೀರು, ಚಿಪ್ಪು, ಸಿದ್ದೆಯ ಅಂಚು ತಿಂದು ನುಣ್ಣಗಾಗಿದೆ.
"ಮತ್ತೊಮ್ಮೆ ಒತ್ತು ಅಜ್ಜಿ, ಒರೆಸಿ ಒತ್ತು."
ಅಕ್ಕಿಯಿಲ್ಲದೆ ಬರುತ್ತಾಳೆ ಕೆಲವು ತಿಂಗಳು.
ನನಗಾದರೆ ಕತ್ತಲಲ್ಲೂ ಗುರುತು.

ಐಗಳಕುರ್ವೆಯ ಅಂಗನವಾಡಿಗೆ ನಾನೀಗ ಅಕ್ಕೋರು.
ಹಿಟ್ಟು ಅಳೆಯುವಾಗ ಐದೂ ಬೆರಳು
ಡಬ್ಬದ ಹೊರಗೆ ಅಂಟಿಸಿಕೊಂಡಿರುತ್ತೇನೆ.
ಇಷ್ಟು ಹುಷಾರಾಗಿ ಅಳೆಯುವವಳು
ಯಾರ ಮಗಳೆಂದು ಯಾರೂ ಕೇಳಿಲ್ಲ.

ಆದರೆ ತಿಂಗಳ ಮೊದಲ ಸೋಮವಾರ
ಜಂತಿಗೆ ತೂಗುಹಾಕಿದ ತಕ್ಕಡಿಯಲ್ಲಿ
ನೇತ್ರಾಳ ಮಗ ಕಾಲು ಬಡಿಯುತ್ತ ಅಳುವಾಗ,
ಮುಳ್ಳು ಗೆರೆಗಿಂತ ಕೂದಲೆಳೆ ಮೇಲೆ ನಿಂತಾಗ
(ಗೆರೆಯ ಕೆಳಗಿದ್ದರೆ ಹೆಚ್ಚಿನ ಮೊಟ್ಟೆ,
ಮೇಲಿದ್ದರೆ ಇಲ್ಲ)
ಚೀಲದ ಅಡಿಗೆ ನನ್ನ ಹೆಬ್ಬೆಟ್ಟು ಹೋಗುತ್ತದೆ.
ಸ್ವಲ್ಪ ಎತ್ತುತ್ತೇನೆ.
ಇನ್ನೂರು ಗ್ರಾಮು, ಅಷ್ಟೆ.
ಬರೆದುಕೊಳ್ಳುತ್ತೇನೆ. ಅಕ್ಷರ ನಡುಗುವುದಿಲ್ಲ.

ಮೊನ್ನೆ ಶಾಲೆಗೆ ರಜೆ. ನನ್ನ ಮಗಳು ಮಾನ್ಯ
ರಿಜಿಸ್ಟರಿನ ಕಪಾಟಿನ ಪಕ್ಕ ಕೂತು
ನೆಲದ ಮೇಲೆ ಕಡ್ಡಿ ಜೋಡಿಸುತ್ತಿದ್ದಳು.
ಕಡ್ಡಿ ನಿಂತದ್ದು ನನಗೆ ಗೊತ್ತಾಯಿತು.
ನಾನು ಬೆನ್ನು ಬಿಗಿಹಿಡಿದೆ,
ಈಗ ಕೂಗುತ್ತಾಳೆ, ಈಗ.

ಕೂಗಲಿಲ್ಲ.
ನೇತ್ರಾ ಮಗನಿಗೆ ಅಂಗಿ ತೊಡಿಸಿ,
ಚಪ್ಪಲಿ ಹುಡುಕಿ, ಹೊಳೆಯ ಕಡೆ ತಿರುಗುವವರೆಗೂ ಕಾದು
ಮೆಲ್ಲಗೆ ಕೇಳಿದಳು:
"ಅಮ್ಮಾ, ಬೆಟ್ಟು ಯಾಕೆ?"

ಜನ ಹೋಗುವ ತನಕ ಕಾಯುವುದನ್ನು
ನಾನು ಕಲಿಸಿರಲಿಲ್ಲ.

ಉತ್ತರ ಇನ್ನೂ ಕೊಟ್ಟಿಲ್ಲ.
ಅವತ್ತು ರಾತ್ರಿ ಬೆಳಚಿನ ಸಾರು; ಅವ್ವಿಯೇ ಬಡಿಸಿದಳು.
ಯಾರ ತಟ್ಟೆಗೆ ಎಷ್ಟು ಬಿತ್ತೋ
ನಾನು ನೋಡಲಿಲ್ಲ.
ಮಾನ್ಯ ಎಣಿಸುತ್ತಿದ್ದಳು.